ನೀಲಿ ದೀಪದ ನೀರು

ನಮ್ಮ ಮನೆಗೆ ಬಂದವರು ಅಡುಗೆಮನೆ ಗೋಡೆಯ ನೀರಿನ ಫಿಲ್ಟರ್ ಕಡೆ ಒಮ್ಮೆ ನೋಡಿ, "ಆರ್‌ಒ ತಾನೆ?" ಎನ್ನುತ್ತಾರೆ. "ಇಲ್ಲ, ಬರೀ ಯುವಿ" ಅಂದರೆ ಮುಗಿಯಿತು, ಒಂದು ಗುಟುಕಿಗೇ ಅವರ ಬಾಯಾರಿಕೆ ತೀರಿಬಿಡುತ್ತದೆ. ಬೀದಿ ತುದಿಯ ಪಾನಿಪುರಿ ಗಾಡಿಯವನ ಮುಂದೆ ಮಾತ್ರ ಇವರಾರೂ ಈ ಪ್ರಶ್ನೆ ಎತ್ತಿದ್ದನ್ನು ನಾನು ಕಂಡಿಲ್ಲ.

ಬೆಂಗಳೂರಿಗೆ ಕಾವೇರಿ ಬರುವುದು ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ, ಅಲ್ಲೇ ಶುದ್ಧವಾಗಿ. ಅದು ಕೆಡುವುದು ಹೆಚ್ಚಾಗಿ ದಾರಿಯ ಒಡಕು ಪೈಪಿನಲ್ಲಿ, ಇಲ್ಲವೇ ನಾವು ವರ್ಷಗಟ್ಟಲೆ ತೊಳೆಯದ ಸಂಪಿನಲ್ಲಿ. ಸೇರಿಕೊಳ್ಳುವುದು ಕ್ರಿಮಿ, ಉಪ್ಪಲ್ಲ. ಅದಕ್ಕೆ ಉಪ್ಪು ತೆಗೆಯುವ ಆರ್‌ಒ ಹಾಕಿಸಿ, ಕುಡಿಯುವುದಕ್ಕಿಂತ ಹೆಚ್ಚು ನೀರನ್ನು ಸಿಂಕಿಗೆ ಬಿಡುವುದು ನನಗಂತೂ ದುಂದು ಅನ್ನಿಸುತ್ತದೆ.

ಯುವಿ, ಅಂದರೆ ಅತಿನೇರಳೆ ಕಿರಣದ ದೀಪ, ಟ್ಯೂಬ್‌ಲೈಟಿನ ದಾಯಾದಿ. ಒಳಗೆ ಅದೇ ಪಾದರಸದ ಆವಿ. ಬಿಳಿ ಲೇಪ ಮಾತ್ರ ಇಲ್ಲ. ಮಾಮೂಲಿ ಗಾಜು ಈ ಕಿರಣವನ್ನು ತಡೆಯುತ್ತದೆಂದು ಸುತ್ತ ಕ್ವಾರ್ಟ್ಸ್ ಕೊಳವೆ. 254 ನ್ಯಾನೊಮೀಟರಿನ ಆ ಕಿರಣ ಕ್ರಿಮಿಯ ಡಿಎನ್‌ಎಯನ್ನೇ ಕೆಡಿಸುತ್ತದೆ. ಅಲ್ಲಿಗೆ ಅದರ ವಂಶ ನಿಂತಂತೆ. ಹೊಟ್ಟೆಗೆ ಹೋದರೂ ಒಂಟಿ. ನಮಗೆ ಕಾಣುವ ನೀಲಿ ಬೆಳಕಿಗೂ ಈ ಕೆಲಸಕ್ಕೂ ಸಂಬಂಧವಿಲ್ಲ, ಕೊಲ್ಲುವ ಕಿರಣ ಕಣ್ಣಿಗೆ ಬೀಳುವುದೇ ಇಲ್ಲ. ಮೋಸ ಇರುವುದೂ ಇಲ್ಲೇ. ವರ್ಷ ಕಳೆಯುವಷ್ಟರಲ್ಲಿ ದೀಪದ ಕಸುವು ಇಳಿದಿರುತ್ತದೆ, ನೀಲಿ ಮಾತ್ರ ಠೀವಿಯಿಂದ ಉರಿಯುತ್ತಿರುತ್ತದೆ. "ಉರೀತಿದೆಯಲ್ಲ, ಯಾಕ್ರೀ ಬದಲಾಯಿಸಬೇಕು?" ಎಂದು ಸರ್ವೀಸ್ ಹುಡುಗನನ್ನು ದಬಾಯಿಸುವವರು ಇದನ್ನು ಗಮನಿಸಬೇಕು.

ವಿದ್ಯೆ ಹೊಸದೇನಲ್ಲ. ಬಿಸಿಲಿಗೆ ಬ್ಯಾಕ್ಟೀರಿಯಾ ತಡೆಯಲಾರದೆಂದು ಡೌನ್ಸ್ ಮತ್ತು ಬ್ಲಂಟ್ ಇಂಗ್ಲೆಂಡಿನಲ್ಲಿ ತೋರಿಸಿದ್ದು 1877ರಲ್ಲಿ. ಫ್ರಾನ್ಸಿನ ಮಾರ್ಸೇಲ್ ಊರು 1910ರಲ್ಲೇ ಕುಡಿಯುವ ನೀರಿಗೆ ಈ ದೀಪ ಹಚ್ಚಿತು. ನನಗೆ ಇಷ್ಟವಾಗುವುದು ಮುಂಬೈ ಮೂಲದ ಅಶೋಕ್ ಗಾಡ್ಗೀಳರ ಕಥೆ. 1990ರ ದಶಕದ ಆರಂಭದಲ್ಲಿ ನಮ್ಮ ದೇಶದಲ್ಲಿ ಹೊಸ ಬಗೆಯ ಕಾಲರಾ ಎದ್ದಾಗ, ಅಮೆರಿಕದ ಬರ್ಕ್ಲಿ ಪ್ರಯೋಗಾಲಯದಲ್ಲಿದ್ದ ಅವರು ಹಳ್ಳಿಗಳಿಗಾಗುವ ಯಂತ್ರ ಕಟ್ಟಿದರು. ದೀಪವನ್ನು ನೀರಿನಲ್ಲಿ ಮುಳುಗಿಸದೆ ಮೇಲೆ ತೂಗುಹಾಕಿದರು. ಪಾಚಿ, ಸುಣ್ಣ ಕಟ್ಟುವ ರಗಳೆಯೇ ಇಲ್ಲ!

ಬೋರ್‌ವೆಲ್ ಮನೆಗಳಲ್ಲಿ ಸುಣ್ಣದ್ದೇ ಗೋಳು. ಕೊಳವೆಗೆ ಬಿಳಿ ಪದರ ಕಟ್ಟಿದರೆ ಕಿರಣ ನೀರಿಗೆ ತಲುಪದು. ಕೋಲಾರದ ಕಡೆಯ ಫ್ಲೋರೈಡ್ ನೀರಿಗಂತೂ ಯುವಿ ಉಪಯೋಗಕ್ಕಿಲ್ಲ; ಅಲ್ಲಿ ಆರ್‌ಒದಂಥದ್ದೇ ಬೇಕು.

ನಮ್ಮ ಸೋದರತ್ತೆಯದು ಬೇರೆ ವಾದ. "ಕರೆಂಟ್ ಹೋದ್ರೆ ಏನ್ ಮಾಡ್ತೀಯೋ? ನನ್ನ ಒಲೆ ಹೋಗಲ್ಲ." ಕುದಿಸಿದರೆ ನೀರು ಸಪ್ಪೆ ಎಂದು ಚಿಟಿಕೆ ಜೀರಿಗೆಯನ್ನೂ ಹಾಕುತ್ತಾರೆ. ಆದರೆ ಬಂದ ಮೊಮ್ಮಕ್ಕಳೆಲ್ಲ ಆ ನೀರಿನ ಬಿಂದಿಗೆಗೆ ಲೋಟದ ಜೊತೆ ಕೈಯನ್ನೂ ಅದ್ದುತ್ತಾರಲ್ಲ, ಅದಕ್ಕೆ ಅವರ ಒಲೆಯಲ್ಲೂ ನನ್ನ ದೀಪದಲ್ಲೂ ಮದ್ದಿಲ್ಲ.