ನಮ್ಮ ಸುದ್ದಿಗೆ ಯಾರದೋ ಪಿಟೀಲು

ಕಳೆದ ಮಳೆಗಾಲದಲ್ಲಿ ನಾವಿಬ್ಬರು ಸೇರಿ ಮಾಡಿದ ಒಂದು ವಿಡಿಯೊಗೆ ಹಕ್ಕುಸ್ವಾಮ್ಯದ ನೋಟಿಸ್ ಬಂತು. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ್ದನ್ನು ನೆನಪಿಸುವ ನಾಲ್ಕು ನಿಮಿಷದ ವರದಿ ಅದು. ಚಿತ್ರ ನಮ್ಮದು, ಮಾತು ನಮ್ಮದು. ಹಿನ್ನೆಲೆಯಲ್ಲಿ ಅಳುತ್ತಿದ್ದ ಪಿಟೀಲು ಮಾತ್ರ 'ಫ್ರೀ' ಎಂದು ನಂಬಿ ಎಲ್ಲಿಂದಲೋ ಇಳಿಸಿಕೊಂಡದ್ದು. ಆ ವಿಡಿಯೊದಿಂದ ಬರಬೇಕಿದ್ದ ಪುಡಿಗಾಸು ಪಿಟೀಲಿನ ವಾರಸುದಾರರಿಗೆ ಹೋಯಿತು. ಸುದ್ದಿಗಿಷ್ಟು ಎಂದು ಸಂಭಾವನೆ ಪಡೆಯುವ ನಮ್ಮಂಥವರಿಗೆ ಪುಡಿಗಾಸೂ ಕಾಸೇ.

ಸ್ಟುಡಿಯೊದಲ್ಲಿ ಮಾಡಿಸಲು ಹಣವಿರಲಿಲ್ಲ. ನಾವೇ ಮಾಡೋಣ ಎಂದು ಹಳೆಯ ಲ್ಯಾಪ್‌ಟಾಪಿಗೆ ಎಲ್‌ಎಂಎಂಎಸ್ ಎಂಬ ತಂತ್ರಾಂಶ ಹಾಕಿಕೊಂಡೆವು. ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಕೀಬೋರ್ಡ್ ವಾದ್ಯ ಬೇಕಿಲ್ಲ. ಸುದ್ದಿ ಟೈಪ್ ಮಾಡುವ ಅದೇ ಕೀಲಿಗಳು ಇಲ್ಲಿ ಪಿಯಾನೊದ ಮನೆಗಳಾಗುತ್ತವೆ. 'ಪಿಯಾನೊ ರೋಲ್' ತೆರೆದರೆ ಚೌಕುಳಿ ಹಾಳೆ ಬರುತ್ತದೆ. ಮೇಲೆ ಹೋದಷ್ಟೂ ಸ್ವರ ಏರುತ್ತದೆ, ಎಡದಿಂದ ಬಲಕ್ಕೆ ಕಾಲ ಸಾಗುತ್ತದೆ. ಮೌಸ್ ಒತ್ತಿದಲ್ಲಿ ಒಂದು ಸ್ವರ.

ಮಿಡಿ ಎಂದರೆ ಧ್ವನಿಮುದ್ರಣ ಎಂದೇ ನಾವು ತಿಳಿದಿದ್ದೆವು. ಅಲ್ಲ. 1983ರಲ್ಲಿ ಬಂದ ಈ ಪದ್ಧತಿಯಲ್ಲಿ ಸದ್ದೇ ಇಲ್ಲ, ಇರುವುದು ಸೂಚನೆ ಮಾತ್ರ. ಯಾವ ಸ್ವರ, ಎಷ್ಟು ಜೋರಾಗಿ, ಯಾವಾಗ ಶುರು, ಯಾವಾಗ ಬಿಡಬೇಕು, ಅಷ್ಟೇ. ಸ್ವರಕ್ಕೆ 0ಯಿಂದ 127ರವರೆಗೆ ಒಂದು ಅಂಕಿ, ಪೆಟ್ಟಿನ ಬಿರುಸಿಗೂ ಹಾಗೆಯೇ. ಪಿಯಾನೊದ ನಡುವಿನ 'ಸಿ' ಸ್ವರ 60. ಇಡೀ ಹಾಡಿನ ಕಡತ ನಮ್ಮ ಒಂದು ಫೋಟೊಗಿಂತ ಎಷ್ಟೋ ಚಿಕ್ಕದು. ಸದ್ದು ಬರುವುದು ಬೇರೆ ಕಡೆಯಿಂದ, 'ಸೌಂಡ್‌ಫಾಂಟ್' ಎಂಬ ವಾದ್ಯಗಳ ಗಂಟಿನಿಂದ. ಅಕ್ಷರ ಅದೇ ಇದ್ದು ಫಾಂಟ್ ಬದಲಾಯಿಸಿದ ಹಾಗೆ. ಒಮ್ಮೆ ಪೆಟ್ಟು ತಿಂದವರಾದ್ದರಿಂದ ಈ ಸಲ ಸೌಂಡ್‌ಫಾಂಟಿನ ಲೈಸೆನ್ಸನ್ನು ಕೊನೆಯ ಸಾಲಿನವರೆಗೂ ಓದಿದೆವು.

'ಜನರಲ್ ಮಿಡಿ'ಯ ಪಟ್ಟಿಯಲ್ಲಿ 128 ವಾದ್ಯಗಳಿವೆ. ಸಿತಾರ್ ಇದೆ, ಶಹನಾಯಿ ಇದೆ. ಕೊಡಗಿನ ದುಡಿ ಇಲ್ಲ. ಎಡಗೈಯಲ್ಲಿ ಹಿಡಿದು ಬಲಗೈಯ ಕೋಲಿನಿಂದ ಬಾರಿಸುವ ಆ ಪುಟ್ಟ ಚರ್ಮವಾದ್ಯದ ಸದ್ದಿಲ್ಲದೆ ನಮ್ಮ ಜಿಲ್ಲೆಯ ಸುದ್ದಿಗೆ ಗುರುತಿನ ರಾಗ ಮಾಡುವುದು ಹೇಗೆ? ಪುತ್ತರಿಯಲ್ಲಿ ದುಡಿ ಹಿಡಿದು ಹಾಡುವ ಅಜ್ಜನೊಬ್ಬರ ಮನೆಗೆ ಹೋದೆವು. ಅನುಮತಿ ಕೇಳಿ ನಾಲ್ಕು ಪೆಟ್ಟುಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಂದೆವು. ಎಲ್‌ಎಂಎಂಎಸ್‌ನ 'ಆಡಿಯೊಫೈಲ್‌ಪ್ರೊಸೆಸರ್'ಗೆ ಹಾಕಿದರೆ ಅದೂ ಒಂದು ವಾದ್ಯವಾಯಿತು. ಚೌಕಗಳಲ್ಲಿ ಸಾಲಾಗಿ ಜೋಡಿಸಿ, ಹೆಮ್ಮೆಯಿಂದ ಅಜ್ಜನಿಗೆ ಕೇಳಿಸಿದೆವು.

"ಎಲ್ಲಾ ಪೆಟ್ಟೂ ಒಂದೇ ತೂಕ. ಹೀಗೆ ಯಾರು ಹೊಡೀತಾರೆ ಮಾರಾಯ? ಹಾಡುವವ ಉಸಿರು ತೆಗೀಬೇಕಲ್ಲ" ಎಂದರು.

ಮನೆಗೆ ಬಂದು ಒಂದೊಂದೇ ಪೆಟ್ಟನ್ನು ತಿದ್ದಿದೆವು. ಕೆಲವನ್ನು ಮೆತ್ತಗೆ ಮಾಡಿದೆವು, ಕೆಲವನ್ನು ಚೌಕದ ಗೆರೆಯಿಂದ ಕೂದಲೆಳೆಯಷ್ಟು ಆಚೀಚೆ ಸರಿಸಿದೆವು. ಎಂಟು ಸೆಕೆಂಡಿನ ತುಣುಕಿಗೆ ಮೂರು ರಾತ್ರಿ ಹಿಡಿಯಿತು. ಎರಡನೇ ಸಲ ಕೇಳಿಸಿದಾಗ ಅಜ್ಜ ಏನೂ ಹೇಳಲಿಲ್ಲ, ಬೆರಳು ಮಾತ್ರ ತೊಡೆಯ ಮೇಲೆ ಆಡುತ್ತಿತ್ತು.

ಆಮೇಲೆ ಪ್ರವಾಹದ ವರದಿಗೆ ಹೊಸ ಸಂಗೀತ ಕೂರಿಸಲು ಕುಳಿತೆವು. ಅದರಲ್ಲಿ ಒಬ್ಬ ಮಹಿಳೆ ಗೋಡೆಯ ಮೇಲೆ ನೀರು ನಿಂತ ಗುರುತು ತೋರಿಸುತ್ತಾ ಮಾತು ನಿಲ್ಲಿಸುತ್ತಾರೆ. ಹಳೆಯ ಪಿಟೀಲು ಸರಿಯಾಗಿ ಅಲ್ಲೇ ಏರುತ್ತಿತ್ತು. ಅದನ್ನು ಅಲ್ಲಿ ಇಟ್ಟವರು ನಾವೇ, ಆದರೂ ಇಟ್ಟಿದ್ದೇವೆಂದು ಅನಿಸಿರಲಿಲ್ಲ. ಈಗ ಪ್ರತಿ ಸ್ವರವನ್ನೂ ಕೈಯಾರೆ ಒತ್ತಬೇಕು. ಇಲ್ಲಿ ನೋಡುವವರು ಅಳಲಿ ಎಂದು ಅಂಕಿ ತುಂಬಬೇಕು. ಡಿಪ್ಲೊಮಾ ಓದುವಾಗ ನಮ್ಮ ವರದಿಯಲ್ಲಿ 'ಹೃದಯವಿದ್ರಾವಕ' ಎಂದು ಕಂಡರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ನಡೆದದ್ದು ಬರೆಯಿರಿ, ಉಳಿದದ್ದು ಓದುಗರಿಗೆ ಬಿಡಿ ಎನ್ನುತ್ತಿದ್ದರು. ಬರವಣಿಗೆಯಲ್ಲಿ ಬಿಟ್ಟ ಆ ಪದವನ್ನೇ ಇಷ್ಟು ವರ್ಷ ಪಿಟೀಲಿನಲ್ಲಿ ಬಾರಿಸುತ್ತಿದ್ದೆವು.

ಆ ಭಾಗಕ್ಕೆ ಏನನ್ನೂ ಹಾಕಲಿಲ್ಲ. ಆಕೆಯ ಮೌನದ ಹಿಂದೆ ಶೀಟಿನ ಮೇಲೆ ಮಳೆ ಬೀಳುವ ಸದ್ದು ಮೊದಲಿನಿಂದಲೂ ನಮ್ಮ ಮೈಕಿನಲ್ಲಿತ್ತು, ಪಿಟೀಲು ಅದನ್ನು ಮುಚ್ಚಿತ್ತು. ಈಗ ಕೇಳಿಸುತ್ತದೆ. ದುಡಿ ಆರಂಭದಲ್ಲಿ ಎಂಟು ಸೆಕೆಂಡು, ಕೊನೆಯಲ್ಲಿ ಎಂಟು ಸೆಕೆಂಡು.

ನೋಡುವವರ ಸಂಖ್ಯೆಯೇನೂ ಏರಿಲ್ಲ. ನೋಟಿಸಂತೂ ಬಂದಿಲ್ಲ. ನಿಮ್ಮಲ್ಲಿ ಯಾರಾದರೂ ಶುರುಮಾಡುವುದಾದರೆ ಎಂಟು ಸೆಕೆಂಡಿನ ತುಣುಕಿನಿಂದ ಶುರುಮಾಡಿ. ನಿಮ್ಮ ಊರಿನ ಒಂದು ಸದ್ದನ್ನು ಕೇಳಿ ಪಡೆದು ಅದರಲ್ಲಿ ಸೇರಿಸಿ, ಕೊಟ್ಟವರ ಹೆಸರು ಹಾಕಿ. ನಮ್ಮ ವಿಡಿಯೊದ ಕೊನೆಯಲ್ಲಿ ನಮ್ಮಿಬ್ಬರ ಹೆಸರಿಗಿಂತ ಮೊದಲು ಅಜ್ಜನ ಹೆಸರು ಬರುತ್ತದೆ.