ಅರೆಯುವ ಮುನ್ನ

ಮಿಕ್ಸಿ ಕೊಳ್ಳಲು ಹೋದಾಗ ನಾವು ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ಮನೆಗೆ ತಂದು ಉದ್ದು ರುಬ್ಬಿದ ಮೇಲೆ ಗೊತ್ತಾಗುತ್ತದೆ, ಹಿಟ್ಟು ಬಿಸಿಯಾದರೆ ಇಡ್ಲಿ ಕಲ್ಲಾಗುತ್ತದೆಂದು. ಅದಕ್ಕೇ ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬುತ್ತೇವೆ. ಈ ಬುದ್ಧಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಾಂಸ ಅರೆಯುವ ಯಂತ್ರ ಆರಿಸುವಾಗಲೂ ಉಪಯೋಗಕ್ಕೆ ಬಂತು. ಸಸ್ಯಾಹಾರಿ ಓದುಗರು ಮನ್ನಿಸಬೇಕು.

ಮಗಳ ಬಾಣಂತನಕ್ಕೆಂದು ವಿರಾಜಪೇಟೆಯಿಂದ ಹೋದವಳು ನಾನು. ಅವಳಿಗೆ ಆಗ ಏಳು ತಿಂಗಳು. ನವೆಂಬರ್ ತಿಂಗಳು. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ 9 ದಿನ ಕೋವಿಯಿಂದ ಜಿಂಕೆ ಬೇಟೆ. ಪರವಾನಗಿ ಪಡೆದು ಹೊಡೆಯಬಹುದು, ಆದರೆ ಮಾಂಸವನ್ನು ಮಾರುವ ಹಾಗಿಲ್ಲ. ತಿನ್ನಬೇಕು, ಇಲ್ಲವೇ ಹಂಚಬೇಕು. ನಮ್ಮ ಕೊಡಗಿನಲ್ಲೂ ಬೇಟೆಯ ಪಾಲು ಮನೆಗೆ ಬರುತ್ತಿದ್ದುದನ್ನು ಅಜ್ಜಿ ಹೇಳುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ಬರೀ ಕಥೆ. ಈಗ ಪಂದಿಕರಿಗೆ ಸಾಕಿದ ಹಂದಿಯೇ.

ಮಗಳ ಪಕ್ಕದ ಮನೆಯಾಕೆ ಅರವತ್ತು ದಾಟಿದವರು. ಕಿತ್ತಳೆ ಬಣ್ಣದ ಅಂಗಿ ತೊಟ್ಟು ತಾವೇ ಕಾಡಿಗೆ ಹೋಗುವವರು. ‘ಮಾಂಸ ಕೊಡುತ್ತೇನೆ, ಮನೆಯಲ್ಲೇ ಸಾಸೇಜ್ ಮಾಡಿ’ ಎಂದರು. ಸಾಸೇಜ್ ಎಂದರೆ ಮಸಾಲೆ ಕಲಸಿದ ಕೈಮಾವನ್ನು ತೊಳೆದ ಕರುಳಿಗೆ ತುಂಬಿ ಬೇಯಿಸುವುದು. ಅಳಿಯ ಯಂತ್ರ ಹುಡುಕತೊಡಗಿದ.

ಡಬ್ಬಿಗಳ ಮೇಲೆ 2000, 3000 ವ್ಯಾಟ್ ಎಂದು ದಪ್ಪಕ್ಷರ. ಅದು ಮೋಟಾರು ಸಿಕ್ಕಿಕೊಂಡು ನಿಂತ ಕ್ಷಣದಲ್ಲಿ ಎಳೆಯುವ ಲೆಕ್ಕ. ಎಡೆಬಿಡದೆ ಕೆಲಸ ಮಾಡುವ ಶಕ್ತಿ ಅದಕ್ಕಿಂತ ಎಷ್ಟೋ ಕಡಿಮೆ. ನೋಡಬೇಕಾದದ್ದು ಬೇರೆ. 8, 12, 22 ಎಂಬ ಸಂಖ್ಯೆಗಳು ಮಾಂಸ ಹೊರಬರುವ ತೂತುಬಿಲ್ಲೆಯ ಅಳತೆ ಹೇಳುತ್ತವೆ. ವರ್ಷಕ್ಕೊಂದೆರಡು ಜಿಂಕೆಗೆ 12 ಸಾಕು. 22ನ್ನು ಕಪಾಟಿನಿಂದ ಇಳಿಸುವುದೇ ಒಂದು ಕೆಲಸ. ಒಳಗಿನ ಹಲ್ಲುಚಕ್ರಗಳು ಪ್ಲಾಸ್ಟಿಕ್ಕಿನದಲ್ಲ, ಲೋಹದವಾಗಿರಬೇಕು. ಜಿಂಕೆಯ ನರ ಅಲಗಿಗೆ ಸುತ್ತಿಕೊಳ್ಳುವುದರಿಂದ ಹಿಂದಕ್ಕೆ ತಿರುಗಿಸುವ ಗುಂಡಿ ಬೇಕು. ತೊಳೆಯುವುದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಅಲ್ಯುಮಿನಿಯಮ್ ಭಾಗಗಳು ಪಾತ್ರೆ ತೊಳೆಯುವ ಯಂತ್ರದಲ್ಲಿ ಕಪ್ಪಾಗುತ್ತವೆ.

ಜಿಂಕೆಯ ಮಾಂಸದಲ್ಲಿ ಕೊಬ್ಬು ಕಡಿಮೆ. ನಾಲ್ಕು ಪಾಲಿಗೆ ಒಂದು ಪಾಲಾದರೂ ಹಂದಿಯ ಕೊಬ್ಬು ಸೇರಿಸದಿದ್ದರೆ ಸಾಸೇಜ್ ಹೊಟ್ಟಿನಂತಾಗುತ್ತದೆ. ಬಿಸಿಯಾದರೆ ಆ ಕೊಬ್ಬು ಕರಗಿ ಬಿಲ್ಲೆಗೆ ಮೆತ್ತಿಕೊಳ್ಳುತ್ತದೆ. ನಮ್ಮ ಉದ್ದಿನ ಹಿಟ್ಟಿನ ಕಥೆಯೇ! ಮಾಂಸವನ್ನೂ ಯಂತ್ರದ ಅಲಗು ಬಿಲ್ಲೆಗಳನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಡಲು ಹೇಳಿದೆ.

ಅಷ್ಟರಲ್ಲಿ ಮಗಳು ಬೇರೆಯೇ ಒಂದು ಸಂಗತಿ ಓದಿ ಹೇಳಿದಳು. ಸೀಸದ ಗುಂಡು ಮೈಗೆ ತಾಗಿದೊಡನೆ ಚೂರುಚೂರಾಗಿ ಗಾಯದಿಂದ ದೂರದವರೆಗೆ ಚದುರುತ್ತದೆ. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಯಂತ್ರ ಅದನ್ನು ಇಡೀ ಕೈಮಾಕ್ಕೆ ಹರಡಿಬಿಡಬಹುದು. ನಾರ್ತ್ ಡಕೋಟಾ ರಾಜ್ಯದಲ್ಲಿ ಬಡವರಿಗೆ ದಾನ ಕೊಟ್ಟ ಜಿಂಕೆ ಕೈಮಾದಲ್ಲಿ ಹೀಗೆ ಸೀಸ ಸಿಕ್ಕಿ, ಗರ್ಭಿಣಿಯರೂ 6 ವರ್ಷದೊಳಗಿನ ಮಕ್ಕಳೂ ಇಂಥ ಮಾಂಸ ತಿನ್ನಬಾರದೆಂದು 2008ರಲ್ಲಿ ಆರೋಗ್ಯ ಇಲಾಖೆಯೇ ಹೇಳಿತ್ತು. ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ಸೀಸ ವಿಷ.

ಪ್ರೀತಿಯಿಂದ ಕೊಟ್ಟವರನ್ನು ‘ಯಾವ ಗುಂಡು?’ ಎಂದು ಕೇಳುವುದು ಹೇಗೆ? ಮಗಳಿಗೆ ಸಂಕೋಚ. ‘ಅವ್ವಾ, ಸುಮ್ಮನೆ ಇಸಿದುಕೊಂಡು ನಾನು ತಿನ್ನದಿದ್ದರಾಯಿತು’ ಎಂದಳು. ನನಗೆ ಒಪ್ಪಿಗೆಯಾಗಲಿಲ್ಲ. ಸುತ್ತಮುತ್ತ ಪುಟ್ಟ ಮಕ್ಕಳಿರುವ ಮನೆಗಳಿಗೂ ಆಕೆ ಮಾಂಸ ಹಂಚುತ್ತಿದ್ದರು. ಕೊನೆಗೆ ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ನಾನೇ ಕೇಳಿದೆ.

ಆಕೆ ಬೇಸರಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೀಸದ್ದೇ’ ಎಂದರು. ಮನೆಯೊಳಗೆ ಹೋಗಿ ಇನ್ನೊಂದು ಪೊಟ್ಟಣ ತಂದರು. ಅದು ಅವರ ಗಂಡ ಅಕ್ಟೋಬರಿನಲ್ಲಿ ಬಿಲ್ಲುಬಾಣದಿಂದ ಹೊಡೆದ ಜಿಂಕೆ. ಪೊಟ್ಟಣದ ಮೇಲೆ ತಾರೀಕೂ ಇತ್ತು.

ಹೊಸ ಯಂತ್ರದಲ್ಲಿ ಅದನ್ನಷ್ಟೇ ಅರೆದೆವು. ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದು ಉಷ್ಣಮಾಪಕ ಚುಚ್ಚಿ ನೋಡಿಯೇ ಮಗಳ ತಟ್ಟೆಗೆ ಹಾಕಿದೆ. ಮುಂದಿನ ವರ್ಷದಿಂದ ತಾಮ್ರದ ಗುಂಡನ್ನೇ ಕೊಳ್ಳುತ್ತೇನೆಂದು ಪಕ್ಕದ ಮನೆಯಾಕೆ ಹೇಳಿದರು. ಹಂಚಿದ ಮನೆಗಳಿಗೆ ಅಂದು ಸಂಜೆಯೇ ಫೋನು ಮಾಡಿದರು.