ಸುಮ್ಮನಿರುವ ವಿದ್ಯೆ

ನಾಯಿ ಸಾಕಿದವರ ಮನೆಗೆ ಬರುವ ನೆಂಟರು ಕೇಳುವ ಪ್ರಶ್ನೆ ಎರಡೇ. ಒಂದು, ಕಚ್ಚುತ್ತಾ? ಇನ್ನೊಂದು, ಏನೇನು ಕಲಿಸಿದ್ದೀರಿ? ನಮ್ಮ ಕರಿಯನ ಮಟ್ಟಿಗೆ ಮೊದಲನೆಯದಕ್ಕೆ ಉತ್ತರ ಸುಲಭ, ಎರಡನೆಯದಕ್ಕೆ ಬಾಯಿ ಕಟ್ಟುತ್ತದೆ. ಅವನಿಗೆ ಶೇಕ್‌ಹ್ಯಾಂಡ್ ಕೊಡಲು ಬರುವುದಿಲ್ಲ. ಚೆಂಡು ಎಸೆದರೆ ಅದು ಬಿದ್ದ ಜಾಗ ನೋಡುತ್ತಾನೆ, ಎಸೆದವರ ಮುಖ ನೋಡುತ್ತಾನೆ, ಮತ್ತೆ ಕುರಿಗಳ ಕಡೆ ತಿರುಗಿ ಕೂರುತ್ತಾನೆ. ವೈಟ್‌ಫೀಲ್ಡಿನಿಂದ ಬಂದಿದ್ದ ಸೋದರಳಿಯ, "ಮಾವ, ಸಿಟ್ ಅಂದ್ರೆ ಕೂತ್ಕೊಳ್ತಾನಾ?" ಎಂದ. "ಹೇಳಿದ್ರೆ ಕೂರಲ್ಲಪ್ಪ, ಹೇಳ್ದೇ ಇದ್ರೆ ಕೂತೇ ಇರ್ತಾನೆ" ಎಂದೆ. ಹುಡುಗ ನಕ್ಕ. ಆದರೆ ಕುರಿ ಕಾಯುವ ನಾಯಿಯ ಪಾಠವೆಲ್ಲ ಆ ಒಂದು ಮಾತಿನಲ್ಲೇ ಇದೆ.

ಅನುಗೊಂಡನಹಳ್ಳಿಯಲ್ಲಿ ಕುರಿಗೆ ಕಾವಲು ಯಾಕೆ ಎಂದು ಕೇಳುವವರಿದ್ದಾರೆ. ಹೊಸಕೋಟೆ ತಾಲ್ಲೂಕಿನ ಈ ಹೋಬಳಿಯಲ್ಲಿ ರಾಗಿ ಹೊಲದ ಪಕ್ಕ ನೀಲಗಿರಿ ತೋಪು, ತೋಪಿನ ಪಕ್ಕ ಕೋಳಿ ಫಾರಂ, ಅದರಾಚೆ ಲೇಔಟಿನವರು ನೆಟ್ಟ ಸೈಟು ಕಲ್ಲು. ತೋಳದ ಕಾಟವಿಲ್ಲ. ಚಿರತೆ ಬಂತಂತೆ ಎಂಬ ಸುದ್ದಿ ಆಗಾಗ ಎದ್ದು ತಣ್ಣಗಾಗುತ್ತದೆ. ನಮಗಿರುವ ಶತ್ರುಗಳು ಬೇರೆ. ಕೋಳಿ ತ್ಯಾಜ್ಯ ತಿಂದು ಕೊಬ್ಬಿದ ಬೀದಿನಾಯಿಗಳ ಹಿಂಡು ಒಂದು, ಲೈಟು ಆರಿಸಿಕೊಂಡು ಬರುವ ಗಾಡಿ ಇನ್ನೊಂದು. ನಸುಕಿನಲ್ಲೇ ಹೊಸಕೋಟೆಯ ದಮ್ ಬಿರಿಯಾನಿಗೆ ಜನ ಸಾಲು ನಿಲ್ಲುವ ಸೀಮೆಯಲ್ಲಿ ಟಗರಿನ ಬೆಲೆ ತಿಳಿಯದ ಕಳ್ಳನಿಲ್ಲ. ಹೀಗಾಗಿ ಇಲ್ಲಿ ನಾಯಿಯಿಂದ ಕುರಿಯನ್ನು ಉಳಿಸಲಿಕ್ಕೂ ನಾಯಿಯೇ ಬೇಕು.

ಯಾವ ನಾಯಿ? ಸಲಹೆಗೆ ಬರವಿರಲಿಲ್ಲ. ಮುಧೋಳ ತಗೊಳ್ಳಿ ಎಂದವರು ಹಲವರು. ಮುಧೋಳದ ಮೇಲೆ ನನಗೂ ಅಭಿಮಾನವಿದೆ: 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2020ರಲ್ಲಿ ರಾಜಪಾಳ್ಯಂ, ಚಿಪ್ಪಿಪಾರೈ ಜತೆಗೆ ಕರ್ನಾಲಿನ ರಾಷ್ಟ್ರೀಯ ಸಂಸ್ಥೆ ಅದನ್ನು ದೇಸಿ ತಳಿಯೆಂದು ದಾಖಲಿಸಿತು. ಆದರೆ ಅದು ಕಣ್ಣಿಂದ ಬೇಟೆಯಾಡುವ ಜಾತಿ. ಓಡಿದ್ದನ್ನು ಅಟ್ಟುವುದು ಅದರ ಹುಟ್ಟುಗುಣ, ಹೆದರಿದರೆ ಓಡುವುದು ಕುರಿಯ ಹುಟ್ಟುಗುಣ. ಇಬ್ಬರನ್ನೂ ಒಂದೇ ರೊಪ್ಪದಲ್ಲಿ ಕೂಡಿಹಾಕಿ ಪರೀಕ್ಷೆ ಮಾಡುವಷ್ಟು ಕುರಿ ನನ್ನಲ್ಲಿರಲಿಲ್ಲ. ಪೈರಿನೀಸ್, ಮರೆಮ್ಮಾ ಎಂಬ ವಿದೇಶಿ ಕಾವಲು ನಾಯಿಗಳ ಮೈಮೇಲಿನ ರೋಮ ನೋಡಿದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅವಕ್ಕೇ ಒಬ್ಬ ಕಾವಲುಗಾರ ಬೇಕಾದೀತು. ಕೊನೆಗೆ ದಾರಿ ತೋರಿಸಿದವರು ಕೆರೆಯಂಗಳದಲ್ಲಿ ಕುರಿ ಮೇಯಿಸುವ ತಾತ. "ಜಾತಿ ಗೀತಿ ನೋಡಬ್ಯಾಡ ಕಣಪ್ಪ. ಮರಿಯ ಅವ್ವ ರಾತ್ರಿ ಎಲ್ಲಿ ಮಲಿಕ್ಕೊಂತದೆ ನೋಡು" ಎಂದರು. ಅವರ ನಾಟಿ ನಾಯಿ ಕುರಿಗಳ ನಡುವೆಯೇ ಮಲಗುತ್ತಿತ್ತು. ಕರಿಯ ಅದರ ಹೊಟ್ಟೆಯಲ್ಲಿ ಹುಟ್ಟಿದವನು.

ಎರಡು ತಿಂಗಳೂ ತುಂಬದ ಮರಿಯನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳದೆ ನೇರ ರೊಪ್ಪಕ್ಕೆ ಒಯ್ಯಬೇಕು ಎಂಬುದು ತಾತನ ಕಟ್ಟಪ್ಪಣೆ. ಚಾರ್ಲ್ಸ್ ಡಾರ್ವಿನ್ 1833ರಲ್ಲಿ ಉರುಗ್ವೆಯ ಬಯಲಿನಲ್ಲಿ ಕಂಡು ಬರೆದಿಟ್ಟದ್ದೂ ಇದನ್ನೇ. ಅಲ್ಲಿ ಮರಿಯನ್ನು ತಾಯಿಯಿಂದ ಬೇಗ ಬಿಡಿಸಿ, ಕುರಿಯ ಮೊಲೆಯುಣಿಸಿ, ರೊಪ್ಪದಲ್ಲಿ ಉಣ್ಣೆಯ ಹಾಸಿಗೆ ಮಾಡಿ ಮಲಗಿಸುತ್ತಿದ್ದರು; ಬೇರೆ ನಾಯಿಗಳ ಜತೆಗೂ ಮನೆಯ ಮಕ್ಕಳ ಜತೆಗೂ ಸೇರಲು ಬಿಡುತ್ತಿರಲಿಲ್ಲ. ತಾತ ಡಾರ್ವಿನ್ನನ ಹೆಸರು ಕೇಳಿದವರಲ್ಲ. ಮೂರನೇ ವಾರದಿಂದ ಮೂರು ನಾಲ್ಕು ತಿಂಗಳೊಳಗೆ ನಾಯಿಮರಿ ಯಾರ ಜತೆ ಬೆಳೆಯುತ್ತದೋ ಅವರನ್ನೇ ತನ್ನವರೆಂದು ತಿಳಿಯುತ್ತದೆ ಎಂದು ವಿಜ್ಞಾನಿಗಳು ಹೇಳುವುದನ್ನು ಇವರು ಅನುಭವದಿಂದ ಬಲ್ಲರು, ಅಷ್ಟೇ.

ರೊಪ್ಪದ ಮೂಲೆಯಲ್ಲಿ ಬಿದಿರು ತಡಿಕೆ ಕಟ್ಟಿ ಕರಿಯನಿಗೆ ಜಾಗ ಮಾಡಿದೆವು. ಮುದ್ದೆ, ಮಜ್ಜಿಗೆ, ಆಗೊಮ್ಮೆ ಈಗೊಮ್ಮೆ ಮೊಟ್ಟೆ, ಎಲ್ಲ ಅಲ್ಲಿಗೇ ಸಪ್ಲೈ. ನಿಜವಾದ ತರಬೇತಿ ಬೇಕಾದದ್ದು ಮನೆಯವರಿಗೆ. ಮರಿ ಕುಂಯ್‌ಗುಟ್ಟಿದರೆ ಮಕ್ಕಳ ಕರುಳು ಚುರುಕ್ಕೆನ್ನುತ್ತದೆ. ನಮ್ಮ ಅಮ್ಮ, "ಪಾಪ, ಚಳಿ ಕಣೋ, ಒಳಗೆ ತಂದು ಮಲಗಿಸು" ಎನ್ನುತ್ತಾರೆ. ತಂದರೆ ಕಥೆ ಮುಗಿಯಿತು, ಅದು ಜಗಲಿ ಕಾಯುತ್ತದೆಯೇ ಹೊರತು ರೊಪ್ಪ ಕಾಯುವುದಿಲ್ಲ. ಹಾಗೆಂದು ಉರುಗ್ವೆಯವರಷ್ಟು ಕಟ್ಟುನಿಟ್ಟೂ ನಮಗೆ ಆಗದು. ಮುಟ್ಟಿಸಿಕೊಳ್ಳದ ನಾಯಿಗೆ ಇಂಜೆಕ್ಷನ್ ಹಾಕಿಸುವುದು ಹೇಗೆ? ಅದಕ್ಕೇ ದಿನವೂ ರೊಪ್ಪದೊಳಕ್ಕೇ ಹೋಗಿ ಬಾಯಿ ತೆರೆಸಿ, ಕಿವಿ ಮಗುಚಿ, ಕೊರಳಪಟ್ಟಿ ಹಾಕಿ ತೆಗೆದು ರೂಢಿ ಮಾಡಿಸಿದೆವು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಕಾಲಕಾಲಕ್ಕೆ ಜಂತುಹುಳದ ಮಾತ್ರೆ. ಇನ್ನೊಂದು ಕಟ್ಟಳೆ: ಕುಯ್ದ ಕುರಿಯ ತಲೆಯನ್ನು ಹಸಿಯಾಗಿ ನಾಯಿಗೆ ಎಸೆಯಬಾರದು. ಮಿದುಳಿನ ಗುಳ್ಳೆಯಿಂದ ಲಾಡಿಹುಳು ನಾಯಿಯ ಕರುಳಿಗೆ ಸೇರಿ, ಅದರ ಮೊಟ್ಟೆ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಮತ್ತೊಂದು ಕುರಿಯ ಮಿದುಳಿಗೆ ಏರುತ್ತದೆ. ಆ ಕುರಿ ನಿಂತಲ್ಲೇ ಗಿರಗಿರ ಸುತ್ತಿ ಸಾಯುತ್ತದೆ. ಕಾಯಬೇಕಾದವನೇ ಕೊಂದ ಹಾಗಾಗುತ್ತದೆ.

ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಹುಡುಗು ಬುದ್ಧಿಯ ಕಾಲ. ಹೆಚ್ಚಿನವರು ನಾಯಿಯನ್ನು ಕೈಬಿಡುವುದು ಈ ಕಾಲದಲ್ಲೇ. ಕರಿಯ ಒಂದು ದಿನ ಕುರಿಮರಿಯ ಕಿವಿಯನ್ನು ಬಾಯಲ್ಲಿ ಹಿಡಿದು ನಿಂತಿದ್ದ. ಕಚ್ಚಿರಲಿಲ್ಲ, ಬಿಟ್ಟಿರಲೂ ಇಲ್ಲ, ಬಾಲ ಆಡುತ್ತಿತ್ತು. ನಾನು ಕೋಲು ಹುಡುಕುವಷ್ಟರಲ್ಲಿ ಮುದಿ ಕುರಿಯೊಂದು ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ಬಂದು ಅವನ ಪಕ್ಕೆಗೆ ಗುದ್ದಿತು. ಕರಿಯ ಹೊಸ ಅಳಿಯನ ಹಾಗೆ ಮೂಲೆ ಸೇರಿದ. ಅಂದಿನಿಂದ ಅವನನ್ನು ಮರಿಗಳ ಜತೆ ಬಿಡದೆ ದೊಡ್ಡ ಟಗರುಗಳ ಜತೆ ಬಿಟ್ಟೆವು. ಅಟ್ಟುವ ಚಾಳಿ ತಲೆಯೆತ್ತಿದಾಗ ತುಡುಗು ದನಕ್ಕೆ ಕಟ್ಟುವಂತೆ ಕೊರಳಿಗೊಂದು ಮರದ ತುಂಡು ತೂಗುಬಿಟ್ಟೆವು. ಓಡಿದರೆ ಮುಂಗಾಲಿಗೆ ಬಡಿಯುತ್ತದೆ, ನಡೆದರೆ ಏನೂ ಇಲ್ಲ. ಹೊಡೆತಕ್ಕಿಂತ ಅದು ಮೇಲು. ಹೊಡೆದರೆ ಅವನಿಗೆ ಕುರಿಯ ಹತ್ತಿರ ಇರುವುದೇ ತಪ್ಪೆಂದು ತೋರೀತು.

ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ 1970ರ ದಶಕದಿಂದ ಕಾವಲು ನಾಯಿಗಳನ್ನು ಅಭ್ಯಾಸ ಮಾಡಿದ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ ಮೂರು ಗುಣ ಹೇಳಿದರು: ಹಿಂಡಿನ ಮೇಲೆ ಗಮನ, ಹಿಂಡಿಗೆ ಹಾನಿ ಮಾಡದ ನಂಬಿಕೆ, ಹಿಂಡಿನ ರಕ್ಷಣೆ. ಕಾದಾಟ ಬರುವುದು ಕಟ್ಟಕಡೆಗೆ. ಎರಡನೆಯದನ್ನು ನಾನು ಕಂಡದ್ದು ಗಬ್ಬದ ಕುರಿ ಈಯುವಾಗ. ಕರಿಯ ಮಾರು ದೂರದಲ್ಲಿ ಮಲಗಿ ಮುಖವನ್ನು ಬೇಕೆಂದೇ ಬೇರೆ ಕಡೆ ತಿರುಗಿಸಿದ್ದ. ಮರಿ ಎದ್ದು ತಪ್ಪುಹೆಜ್ಜೆ ಹಾಕುತ್ತ ಅವನ ಹೊಟ್ಟೆಗೇ ಒರಗಿತು, ಮೊಲೆ ಹುಡುಕಿತು. ಅವನು ಅಲ್ಲಾಡಲಿಲ್ಲ. ತಾಯಿ ಬಂದು ಮರಿಯನ್ನು ಕರೆದೊಯ್ದ ಮೇಲೆ ಎದ್ದು, ಮೈ ಕೊಡವಿ, ಬೇಲಿಯುದ್ದಕ್ಕೂ ಒಂದು ಸುತ್ತು ಹಾಕಿ ಬಂದ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ ನಾಯಿಯೊಂದಕ್ಕೆ ಕಲ್ಲು ನೆಟ್ಟರು. ಗಂಗ ಬೂತುಗನಿಂದ ಮಣಲೇರ ಪಡೆದ ಕಾಳಿ ಎಂಬ ಆ ನಾಯಿ ಕಾಡುಹಂದಿಯೊಡನೆ ಕಾದಿ ತಾನೂ ಸತ್ತಿತ್ತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯನ್ನು ಕೊಂದ ನಾಯಿಗೆ ಶಾಸನವಿದೆ. ಹಂದಿಯೇ ಬಾರದಂತೆ ನೋಡಿಕೊಂಡ ನಾಯಿಗೆ ಏನೆಂದು ಬರೆಸುವುದು? ನಮೀಬಿಯಾದಲ್ಲಿ 1994ರಿಂದ ಚೀತಾ ಸಂರಕ್ಷಕರು ರೈತರಿಗೆ ಅನಟೋಲಿಯನ್ ಮರಿಗಳನ್ನು ಕೊಡುತ್ತಿದ್ದಾರೆ. ನಾಯಿ ನಿಂತು ಬೊಗಳಿದರೆ ಚೀತಾ ಬೇರೆ ದಾರಿ ಹಿಡಿಯುತ್ತದೆ, ರೈತ ಬಂದೂಕು ಕೆಳಗಿಡುತ್ತಾನೆ. 2022ರಲ್ಲಿ ಕುನೋ ಕಾಡಿಗೆ ಮೊದಲು ಬಂದಿಳಿದ ಎಂಟು ಚೀತಾಗಳು ಆ ದೇಶದವೇ. ಕಾವಲು ಎಂದರೆ ಏನೂ ನಡೆಯದ ರಾತ್ರಿ. ಅದಕ್ಕೆ ಸಾಕ್ಷಿಯಿಲ್ಲ, ಹಾಗಾಗಿ ಸಂಬಳವೂ ಕಡಿಮೆ.

ಇದ್ದ ಒಂದೇ ತಕರಾರು ಬೊಗಳುವುದರದ್ದು. ಹೊಸ ಲೇಔಟಿನವರೊಬ್ಬರು ಬಂದು, "ನಿಮ್ಮ ನಾಯಿಗೆ ರಾತ್ರಿ ಸುಮ್ಮನಿರೋದು ಕಲಿಸಿ ಸಾರ್" ಎಂದರು. ಅವನಿಗೆ ಹಗಲೆಲ್ಲ ಸುಮ್ಮನಿರುವುದನ್ನು ಕಲಿಸಲಿಕ್ಕೇ ಎರಡು ವರ್ಷ ಹಿಡಿಯಿತು ಎಂದು ನಾನು ವಾದಕ್ಕಿಳಿಯಲಿಲ್ಲ, ಕಾಫಿ ಕೊಟ್ಟು ಕಳಿಸಿದೆ. ಹಳ್ಳಿಯಂಚಿನಲ್ಲಿ ಸೈಟು ಕೊಂಡು ಮನೆ ಕಟ್ಟುತ್ತಿರುವ ಓದುಗರಲ್ಲಿ ನನ್ನದೊಂದೇ ವಿನಂತಿ: ನಡುರಾತ್ರಿ ರೊಪ್ಪದ ಕಡೆಯಿಂದ ನಾಯಿಯ ದನಿ ಬಂದರೆ ಬೈದು ಕಿಟಕಿ ಹಾಕಿಕೊಳ್ಳಬೇಡಿ, ಎದ್ದು ಹೊರಗಿನ ಲೈಟು ಹಾಕಿ. ಅದು ಎಚ್ಚರಿಸುತ್ತಿರುವುದು ನಿಮ್ಮನ್ನೂ ಸೇರಿಸಿಯೇ.